ಒಂದು ಗುಂಡಿ ಒತ್ತಿದ್ದಕ್ಕೆ ಕಾಸೆ?

೧೯೮೯ರ ಮಾರ್ಚ್ ೬. ಮಧುಗಿರಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಬೆಟ್ಟದ ಬಂಡೆಯ ಕಾವು ನಮ್ಮ ಟೈಪಿಂಗ್ ಅಂಗಡಿಯೊಳಗೂ ಬರುತ್ತಿತ್ತು. ಮಾಲೀಕರು ಹೇಳಿದರು: "ಕಾಗದಗಳಲ್ಲಿ ಹೆಸರು ಬದಲಾಯಿಸೋ ಈ ಕೆಲಸಕ್ಕೆ ಯುಗಾದಿಯೊಳಗೆ ಒಬ್ಬರಾದ್ರೂ ಸರಿಯಾಗಿ ಕಾಸು ಕೊಡ್ಬೇಕು. ಇಲ್ಲಾಂದ್ರೆ ಕಂಪ್ಯೂಟರ್ ಮಾರ್ತೀನಿ. ನೀವು ಮತ್ತೆ ಕೋರ್ಟಿನ ಮುಂದೆ ಟೈಪ್‌ರೈಟರ್ ಇಟ್ಕೊಂಡು ಕೂತ್ಕೊಳ್ಳಿ."

ನಾನು ಕಂಪ್ಯೂಟರಿಗೆ ನಾಲ್ಕು ಸಾಲಿನ ಆಜ್ಞೆಯೊಂದನ್ನು ಬರೆದಿಟ್ಟಿದ್ದೆ. ಒಂದು ಗುಂಡಿ ಒತ್ತಿದರೆ, ಫ್ಲಾಪಿಯಲ್ಲಿದ್ದ ಕಾಗದಗಳನ್ನು ಅದು ಒಂದೊಂದಾಗಿ ತೆರೆದು, ಹಳೆಯ ಪದ ಹುಡುಕಿ, ಹೊಸದನ್ನು ಕೂರಿಸಿ ಮುಚ್ಚುತ್ತಿತ್ತು. ಕಾಗದಗಳೆಲ್ಲ ಇಂಗ್ಲಿಷಿನವು, ಯಂತ್ರಕ್ಕೆ ಆಗಿನ್ನೂ ಕನ್ನಡ ಬರುತ್ತಿರಲಿಲ್ಲ. ಹೇಳಿದಷ್ಟನ್ನೇ ಮಾಡುವವರು ಮನೆಯಲ್ಲಿದ್ದರೂ ಅಂಗಡಿಯಲ್ಲಿದ್ದರೂ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ಹೊಸ ಹೆಡ್‌ಮಾಸ್ಟರು

ಕೊರಟಗೆರೆ ಕಡೆಯ ಶಾಲೆಯೊಂದಕ್ಕೆ ಹೊಸ ಹೆಡ್‌ಮಾಸ್ಟರು ಬಂದರು. "ಹಳಬರ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೊಸಬರದು ಹಾಕಿ" ಅಂದರು ಗುಮಾಸ್ತರು. ಹಾಕಿದೆ.

ಮಾರನೆಯ ದಿನ ಹೊಸಬರೇ ಬಸ್ಸಿಳಿದು ಬಂದು ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ಹಳಬರ ಬೀಳ್ಕೊಡುಗೆಯ ಮಾನಪತ್ರ, ಈಗ ಹೊಸಬರ ಹೆಸರಿನಲ್ಲಿ. ಅವರ ಮೂವತ್ತು ವರ್ಷಗಳ ಸೇವೆಯನ್ನು ಕೊಂಡಾಡಿ, ವಿಶ್ರಾಂತ ಜೀವನ ಸುಖವಾಗಿರಲೆಂದು ಹಾರೈಸಿತ್ತು. ಕಾಸು ಕೇಳುವ ಬಾಯಿ ನನಗಿರಲಿಲ್ಲ.

"ಹಾಜರಿ ಪುಸ್ತಕಕ್ಕೆ ನಾನು ಸಹಿ ಹಾಕಿರೋದೇ ಒಂದು ದಿನ" ಅಂದರು. "ಇರಲಿ, ಹಾರ ಶಾಲು ಎಲ್ಲಿ?"

ಅರ್ಧ ಟೀ

ಶಿರಾದ ಲಾರಿ ಸಾಹೇಬರು ಆಫೀಸನ್ನು ಬೇರೆ ಬೀದಿಗೆ ಸಾಗಿಸಿದ್ದರು. ಎಂಬತ್ತು ಕಾಗದಗಳಲ್ಲಿ ವಿಳಾಸ ಬದಲಾಗಬೇಕು. ಅವರು ಕುರ್ಚಿ ಎಳೆದುಕೊಂಡು ಕೂರುವುದರೊಳಗೆ ಮುಗಿಯಿತು.

"ಹೋ ಗಯಾ? ಅರೇ, ಇಷ್ಟಕ್ಕೆ ಕಾಸಾ? ಬನ್ನಿ, ಟೀ ಕುಡಿಸ್ತೀನಿ."

ಹೋಟೆಲಿನಲ್ಲಿ ಒಂದೇ ಟೀಯನ್ನು ಎರಡು ಲೋಟಕ್ಕೆ ಹಂಚುವ 'ಬೈ ಟು' ಹೇಳಿದರು. ನಾನು ಅರ್ಧ ಲೋಟವನ್ನೇ ನೋಡುತ್ತಿದ್ದೆ.

"ಇನ್ನರ್ಧ ಮಷೀನಿಂದು ಭಾಯ್. ಅದು ಕುಡಿಯಲ್ವಲ್ಲ" ಎಂದು ಅದನ್ನು ತಾವೇ ಕುಡಿದರು.

ಪಾವಗಡದ ಮದುವೆ

ಯುಗಾದಿಗೆ ಒಂದು ವಾರ ಉಳಿದಿತ್ತು. ಪಾವಗಡದ ಯಜಮಾನರೊಬ್ಬರು ಮಗಳ ಮದುವೆಗೆ ಇನ್ನೂರು ನೆಂಟರಿಗೆ, ಒಬ್ಬೊಬ್ಬರ ಹೆಸರಿನಲ್ಲೂ ಬೇರೆ ಬೇರೆ ಆಹ್ವಾನ ನಮ್ಮಲ್ಲೇ ಮಾಡಿಸಿಟ್ಟಿದ್ದರು. ಅಷ್ಟರಲ್ಲಿ ಬಂದು, "ಆ ಸಂಬಂಧ ಮುರ್ದೋಯ್ತು. ಮುಹೂರ್ತ ಅದೇ. ನಾಗರಾಜನ್ನ ತಗ್ದು ಹೊಸ ಗಂಡು ನರಸಿಂಹಮೂರ್ತಿ ಹಾಕಪ್ಪಾ" ಅಂದರು. ಒತ್ತಿದೆ. "ಒಂದು ಗುಂಡಿಗೆ ಒಂದು ರೂಪಾಯಿ, ಸಾಲ್ದಾ?" ಎಂದು ಕೊಟ್ಟು ಹೋದರು.

ಕಾಗದ ಅಂಚೆಗೆ ಹೋಗುವ ಮೊದಲೇ ಮತ್ತೆ ಬಂದರು. "ಹಳೇ ಗಂಡಿನೋರೇ ಬಂದು ಕೈ ಮುಗುದ್ರು. ಮಗಳಿಗೂ ಅವನೇ ಬೇಕಂತೆ. ನಾಗರಾಜನ್ನೇ ಹಾಕ್ಬುಡು."

ಒತ್ತಿದೆ. ಅವರು ಓದುತ್ತಾ ಓದುತ್ತಾ ನಿಂತರು.

"ಏಮಪ್ಪಾ! ನಮ್ ಬಾಮೈದ ನರಸಿಂಹಮೂರ್ತಿ ಎಲ್ಲೋದ? ಇಲ್ಲೂ ನಾಗರಾಜ ಅಂತೈತೆ!"

ನೆಂಟರಲ್ಲಿ ಹುಟ್ಟಿನಿಂದಲೇ ನರಸಿಂಹಮೂರ್ತಿಗಳಾಗಿದ್ದ ಹದಿನಾಲ್ಕು ಮಂದಿಯೂ ನಾಗರಾಜರಾಗಿದ್ದರು. ಹಳೆಯ ನಕಲನ್ನು ನಾನು ಇಟ್ಟಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಇನ್ನೂರು ಕಾಗದಗಳನ್ನೂ ಒಂದೊಂದಾಗಿ ತೆರೆದೆ. ಯಜಮಾನರು ಪಕ್ಕದಲ್ಲಿ ಕೂತು, "ಇವನು ನಿಜವಾದ ನಾಗರಾಜ, ಬುಡು. ಇವನಲ್ಲ, ತಿದ್ದು" ಅನ್ನುತ್ತಿದ್ದರು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಅವರು ಹೋದಮೇಲೆ ಮಾಲೀಕರು ತುಮಕೂರಿನಿಂದ ಬಂದರು. ಎಲ್ಲ ಕೇಳಿ, ಕಂಪ್ಯೂಟರಿನ ಮೇಲೆ ಕೈಯಿಟ್ಟು, "ಮಾರೋದೇ ತಾನೆ? ಬೈದು ಹೋದ್ರಾ?" ಅಂದರು.

"ಇಲ್ಲ. ಮೊನ್ನೆ ಗುಂಡಿ ಒತ್ತಿದ್ದಕ್ಕೆ ಒಂದು ರೂಪಾಯಿ ಕೊಟ್ಟಿದ್ರು. ಇವತ್ತು ನಮ್ಮ ತಪ್ಪನ್ನ ನಾವೇ ದಿನವೆಲ್ಲ ತಿದ್ದಿದ್ದು ನೋಡಿ, 'ಕೆಲ್ಸ ಅಂದ್ರೆ ಇದು ಕಣಪ್ಪಾ!' ಅಂತ ಬೆನ್ನು ತಟ್ಟಿ ಕೊಟ್ಟಿದ್ದು ನೂರು ರೂಪಾಯಿ."