ಬೆನ್ನಿಗೆ ಬೆನ್ನು

ಲೆಕ್ಕದ ಮೇಷ್ಟ್ರ ಗಂಟಲು ದೊಡ್ಡದು, ಅದೇ ಅವರಿಗೆ ಮುಳುವಾಯಿತು. ಅದೇನು ಹುಟ್ಟಿನಿಂದ ಬಂದ ಗಂಟಲಲ್ಲ. ಅವರ ಸರ್ಕಾರಿ ಶಾಲೆಯಲ್ಲಿ ಕೋಣೆಗಳು ಸಾಲದೆ ಐದನೆಯ ತರಗತಿಯನ್ನೂ ಏಳನೆಯ ತರಗತಿಯನ್ನೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರಿಸಿದ್ದರು. ಆ ಗೋಡೆಯ ಬೋರ್ಡಿನ ಮುಂದೆ ಟೀಚರಮ್ಮ ಐದನೆಯವರಿಗೆ ಪದ್ಯ ಹೇಳಿಕೊಡುತ್ತಿದ್ದರೆ, ಈ ಗೋಡೆಯ ಬೋರ್ಡಿನ ಮುಂದೆ ಮೇಷ್ಟ್ರು ಏಳನೆಯವರಿಗೆ ಲೆಕ್ಕ ಒದರಬೇಕು. ಹನ್ನೊಂದು ವರ್ಷ ಹೀಗೆ ಒದರಿದರೆ ಯಾರ ಗಂಟಲು ತಾನೇ ಬೆಳೆಯುವುದಿಲ್ಲ, ಹೇಳಿ!

ಅವತ್ತು ಮಧ್ಯಾಹ್ನ ಪುರಭವನದಲ್ಲಿ ಸಾರ್ವಜನಿಕ ಚರ್ಚೆಯಿತ್ತು. ಸರ್ಕಾರದ ಕಟ್ಟಡ ಅನುದಾನ ಎದುರು ಬೀದಿಯ ಖಾಸಗಿ ಶಾಲೆಗೆ ಹೋಗಬೇಕೋ, ಸರ್ಕಾರದ್ದೇ ಶಾಲೆಗೆ ಬರಬೇಕೋ ಎಂದು ಊರವರ ಮಾತು ಕೇಳಿ ಸಮಿತಿ ಅಲ್ಲೇ ತೀರ್ಮಾನಿಸಲಿತ್ತು.

"ಮೈಕ್ ಕೆಟ್ಟರೂ ನಿಮ್ಮ ಮಾತು ಕೊನೇ ಸಾಲಿಗೆ ಕೇಳಿಸುತ್ತೆ. ನೀವೇ ಮಾತಾಡಿ," ಎಂದರು ಹೆಡ್‌ಮಿಸ್ಸು. "ಒಂದೇ ಒಂದು ಕೋಣೆ ಕೇಳಿ ಸಾಕು. ನಮ್ಮ ಗೋಳು ಹೇಳ್ಕೊಳ್ಳಿ. ಸಮಿತಿಯವರ ಕಣ್ಣಲ್ಲಿ ನೀರು ಬರಬೇಕು. ಜಂಬ ಒಂದನ್ನ ಮಾತ್ರ ಮನೇಲಿ ಬಿಟ್ಟು ಬನ್ನಿ, ದಮ್ಮಯ್ಯ!"

ಮೇಷ್ಟ್ರು ಮನೆಗೆ ಹೋಗಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊರಬಂದರು. ಬಾಗಿಲಲ್ಲೇ ಪಕ್ಕದ ಮನೆಯ ಟೈಲರ್ ಅಡ್ಡ ನಿಂತ.

"ಏನ್ ಮೇಷ್ಟ್ರೇ, ಮದುವೆಗೆ ಹೊರಟ ಹಾಗಿದೀರಲ್ಲ! ಹಿಂಗೆ ಹೋದ್ರೆ ಯಾರ್ರೀ ಕನಿಕರ ಪಡ್ತಾರೆ?" ಎಂದವನೇ ಜೇಬಿನಿಂದ ಕತ್ತರಿ ತೆಗೆದು ಕಾಲರಿನ ಅರ್ಧ ಹೊಲಿಗೆ ಬಿಚ್ಚಿ ಜೋತುಬಿಟ್ಟ. "ಹೊಲಿಯೋ ಕೈಯಿಂದ ಹರಿಯೋದು ಅಂದ್ರೆ ಹೊಟ್ಟೆ ಉರಿಯುತ್ತೆ ಸ್ವಾಮಿ. ಆದ್ರೆ ಮಕ್ಕಳ ಕೋಣೆ ವಿಷಯ ನೋಡಿ."

"ಅಯ್ಯೋ, ಇದ್ದಿದ್ದೇ ಅದೊಂದು ಒಳ್ಳೇ ಶರ್ಟು!" ಎಂದು ಮೇಷ್ಟ್ರ ಹೆಂಡತಿ ಒಳಗಿನಿಂದ ಓಡಿಬಂದರು. ಅಷ್ಟರಲ್ಲಿ ಹೊತ್ತಾಗಿತ್ತು.

ಬೀದಿಗಿಳಿದರೆ ಕ್ಷೌರದಂಗಡಿಯವನು, "ಪಾಪ, ಮೇಷ್ಟ್ರು," ಎಂದು ಗಿರಾಕಿಗೆ ತೋರಿಸಿದ. ಬಸ್ಸಿನಲ್ಲಿ ಕಂಡಕ್ಟರ್, "ಪಾಪ, ಅವರಿಗೆ ಸೀಟ್ ಬಿಡ್ರಪ್ಪಾ," ಎಂದ. ಮೇಷ್ಟ್ರಿಗೆ ನಲವತ್ತನಾಲ್ಕು ವರ್ಷ. ಸೀಟು ಬಿಟ್ಟುಕೊಟ್ಟದ್ದು ಒಬ್ಬ ಅಜ್ಜಿ. ಪುರಭವನ ತಲುಪುವಷ್ಟರಲ್ಲಿ ಮೇಷ್ಟ್ರು ಐದು ಸಲ ಪಾಪ ಅನ್ನಿಸಿಕೊಂಡು ಒಳಗೊಳಗೇ ಕುದಿಯುತ್ತಿದ್ದರು.

ಸಭೆಯಲ್ಲಿ ಮೊದಲು ಎದ್ದವರು ಖಾಸಗಿ ಶಾಲೆಯ ಕಾರ್ಯದರ್ಶಿ. ಕೋಟಿನ ಗುಂಡಿ ಹಾಕಿಕೊಂಡು, "ನಮಗೆ ಹನ್ನೆರಡು ಕೋಣೆ ಇದೆ. ಅನುದಾನ ಬಂದರೆ ಇನ್ನೆರಡು ಕಟ್ಟಿಸ್ತೀವಿ. ಎದುರಿನ ಶಾಲೆಯ ಮಕ್ಕಳಲ್ಲಿ ಹತ್ತು ಜನರನ್ನ ಬಿಟ್ಟಿಯಾಗಿ ಸೇರಿಸ್ಕೊಳ್ತೀವಿ. ಪಾಪ, ಅವಕ್ಕೆ ಸರಿಯಾಗಿ ಕೂಡೋದೂ ಕಳೆಯೋದೂ ಬರಲ್ಲ," ಎಂದರು.

ಮುಗಿಯಿತು. ಮೇಷ್ಟ್ರು ಎದ್ದು ನಿಂತದ್ದು ಮೈಕಿನ ಹತ್ತಿರವಲ್ಲ, ಕುರ್ಚಿಯ ಮೇಲೆ.

"ಯಾರ್ರೀ ಹೇಳಿದ್ದು ಬರಲ್ಲ ಅಂತ? ನಮ್ಮ ಐದನೇ ಕ್ಲಾಸಿನವರು ಏಳನೇ ಕ್ಲಾಸಿನ ಲೆಕ್ಕ ಮಾಡ್ತಾರೆ! ಏಳನೆಯವರಿಗೆ ಐದನೆಯ ಅಷ್ಟೂ ಪದ್ಯ ಬಾಯಿಗೆ ಬರುತ್ತೆ! ಬೇಕಾದ್ರೆ ಪರೀಕ್ಷೆ ಮಾಡಿ!"

ಹೆಡ್‌ಮಿಸ್ಸು ಕೆಳಗಿನಿಂದ ಅವರ ಪ್ಯಾಂಟು ಜಗ್ಗಿದರು. ಮೇಷ್ಟ್ರು ಬಗ್ಗಿ ನೋಡಲೂ ಇಲ್ಲ.

ಸಮಿತಿಯ ಅಧ್ಯಕ್ಷೆಗೆ ಕುತೂಹಲ ಹುಟ್ಟಿತು. ಶಾಲೆಯ ಆಯಾ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಐದನೆಯ ತರಗತಿಯ ಪುಟ್ಟ ಹುಡುಗಿ. ಅಧ್ಯಕ್ಷೆ ಅವಳನ್ನೇ ಕೇಳಿದರು:

"ಒಂದು ನಲ್ಲಿ ತೊಟ್ಟಿಯನ್ನ ಮೂರು ಗಂಟೇಲಿ ತುಂಬಿಸುತ್ತೆ. ಇನ್ನೊಂದು ಆರು ಗಂಟೇಲಿ. ಎರಡನ್ನೂ ಒಟ್ಟಿಗೆ ಬಿಟ್ರೆ?"

ಕಾರ್ಯದರ್ಶಿ ಬೆರಳು ಮಡಿಸುತ್ತಾ, "ಒಂಬತ್ತು..." ಎಂದು ಗೊಣಗುವಷ್ಟರಲ್ಲಿ ಹುಡುಗಿ, "ಎರಡು ಗಂಟೆ," ಎಂದಳು.

"ನಿಂಗೆ ಇದನ್ನ ಯಾರಮ್ಮಾ ಕಲಿಸಿದ್ದು?"

"ಯಾರೂ ಕಲಿಸಿಲ್ಲ ಮೇಡಂ. ಮೇಷ್ಟ್ರು ನಮ್ಮ ಬೆನ್ನ ಹಿಂದೆ ಏಳನೆಯವರಿಗೆ ಹೇಳ್ತಿರ್ತಾರೆ. ಬೇಡ ಅಂದ್ರೂ ಕೇಳಿಸುತ್ತೆ."

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು. ಹಿಂದಿನ ಬಸ್ಸಿಗೆ ಬಂದಿದ್ದ ಟೈಲರ್ ಶಿಳ್ಳೆ ಹಾಕಿದ. ಆಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರ ಎದೆ ಉಬ್ಬಿತು. ಹನ್ನೊಂದು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಸಾರ್ಥಕವಾಯಿತು ಎನ್ನಿಸಿ ಅವರ ಕಣ್ಣೂ ತುಂಬಿತು. ನಿಜ ಹೇಳಬೇಕೆಂದರೆ ಅಧ್ಯಕ್ಷೆಯ ಕಣ್ಣಲ್ಲೂ ನೀರಿತ್ತು.

ಅವರು ಮೂಗು ಒರೆಸಿಕೊಂಡು ತೀರ್ಮಾನ ಹೇಳಿದರು.

"ಇಂಥ ಶಾಲೆ ನಾನು ಎಲ್ಲೂ ನೋಡಿಲ್ಲ. ಇನ್ನೊಂದು ಕೋಣೆ ಕಟ್ಟಿ ತರಗತಿಗಳನ್ನ ಬೇರೆ ಮಾಡಿದ್ರೆ ಈ ಮಗುವಿನಂಥವರಿಗೆ ದೊಡ್ಡ ಅನ್ಯಾಯವಾಗುತ್ತೆ. ಆದ್ದರಿಂದ ಅಲ್ಲಿ ಏನನ್ನೂ ಮುಟ್ಟಬಾರದು. ಹನ್ನೆರಡು ಕೋಣೆ ಇದ್ದೂ ಲೆಕ್ಕ ಬಾರದ ಖಾಸಗಿ ಶಾಲೆಗೇ ನಮ್ಮ ನೆರವು ಹೆಚ್ಚು ಬೇಕಾಗಿದೆ. ಅನುದಾನ ಅವರಿಗೆ."

ಕಾರ್ಯದರ್ಶಿ ಓಡಿಬಂದು ಮೇಷ್ಟ್ರ ಕೈಕುಲುಕಿದರು. "ನಿಮ್ಮಿಂದ ದೊಡ್ಡ ಉಪಕಾರವಾಯ್ತು ಸಾರ್!"

ಮೇಷ್ಟ್ರು ಕುರ್ಚಿಯಿಂದ ಕೆಳಗಿಳಿದರು. ಹೆಡ್‌ಮಿಸ್ಸು ಅವರಿಗಿಂತ ಮುಂದೆ ದಡದಡನೆ ಮೆಟ್ಟಿಲಿಳಿದರು. ಗೇಟಿನ ಹತ್ತಿರ ಯಾರೋ ಗುಂಪಾಗಿ ನಿಂತಿದ್ದರು. ಹೊಡೆಯಲು ಬಂದರೇನೋ ಎಂದು ಮೇಷ್ಟ್ರು ಹಿಂದೆ ಸರಿದರು. ನೋಡಿದರೆ ಖಾಸಗಿ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು.

"ಮೇಷ್ಟ್ರೇ, ನಾಳೆಯಿಂದ ನಮ್ಮ ಮಗಳನ್ನ ನಿಮ್ಮ ಶಾಲೆಗೇ ಕಳಿಸ್ತೀವಿ."

"ನಮ್ಮ ಇಬ್ಬರನ್ನೂ! ಇಲ್ಲ ಅನ್ನಬೇಡಿ!"

ಹೆಡ್‌ಮಿಸ್ಸು ಒಬ್ಬೊಬ್ಬರನ್ನೂ ಕೇಳಿ ಎಣಿಸಿದರು. ಮೂವತ್ತೆಂಟು ಮಕ್ಕಳು. ಸರ್ಕಾರಿ ಶಾಲೆ, ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ.

"ಹೊಸ ಕೋಣೆ ಅವರಿಗೆ, ಮಕ್ಕಳು ನಮಗೆ," ಎಂದು ನಿಟ್ಟುಸಿರಿಟ್ಟು ಮೇಷ್ಟ್ರ ಕಡೆ ತಿರುಗಿದರು. "ಬಂದವರಿಗೆ ಜಾಗ ಬೇಕಲ್ಲ, ನಾಳೆಯಿಂದ ಆರನೇ ಕ್ಲಾಸೂ ನಿಮ್ಮ ಕೋಣೆಗೇ. ಕಿಟಕಿ ಗೋಡೆ ಕಡೆ ಮುಖ ಮಾಡಿ ಕೂರಿಸ್ಕೊಳ್ಳಿ."