ಕುಂಕುಮ ಭರಣಿಯ ಮುಚ್ಚಳದ ದೀಪ

ನನ್ನ ತವರು ಹರಪನಹಳ್ಳಿಯಲ್ಲಿ ಮೂರು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದ ಮನೆ. ತಾತನವರ ಕಾಲದಲ್ಲಿ ಅಮಲ್ದಾರರು ಊರಿಗೆ ಬಂದರೆ ಊಟ ನಮ್ಮ ಪಡಸಾಲೆಯಲ್ಲೇ. ಓಣಿಯ ಜಗಳಗಳು ಅಪ್ಪನವರ ಒಂದು ಕೆಮ್ಮಿಗೆ ನಿಲ್ಲುತ್ತಿದ್ದವು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು; ಗಂಟೆ ಬಾರಿಸುವ ಮೊದಲೇ ಸಾಲಿನಲ್ಲಿ ನಿಂತಿರುತ್ತಿದ್ದವಳು. ಇಂಥ ಮನೆತನದ ಮೇಲೆ ಇದುವರೆಗೆ ಬಂದಿರುವ ಆರೋಪ ಒಂದೇ: ಕಾರಿನ ಎಂಜಿನ್ ಸುಟ್ಟವಳು ನಾನು ಎಂಬುದು.

ಕೊಟ್ಟೂರಿನ ನನ್ನ ಗಂಡನ ಮನೆಯಲ್ಲಿ ವಾರಕ್ಕೊಂದು ಹೀಗೆ ಏನಾದರೂ ಆಗುತ್ತಲೇ ಇರುತ್ತದೆ. ಆಗುವುದು ಒಂದು, ಆಮೇಲೆ ಮದುವೆ ಮನೆಗಳಲ್ಲಿ ಹೇಳಿ ನಗುವುದು ಇನ್ನೊಂದು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ದೀಪ ಹುಟ್ಟಿದ್ದು

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮವರದು ಶೇಂಗಾ ಎಣ್ಣೆಯ ಮಿಲ್ಲು. ಮಾವನವರ ಕಾಲದ ಕಾರೊಂದಿತ್ತು. ಎಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಅದರ ಮುಳ್ಳು ಎಂದೋ ಸತ್ತಿತ್ತು. ಹೊಗೆ ಬಂದ ಮೇಲೆ ನಿಲ್ಲಿಸುವುದು, ನೀರು ಹೊಯ್ಯುವುದು, ಇದೇ ಪದ್ಧತಿ.

ಒಂದು ಭಾನುವಾರ ನಮ್ಮವರು ಹಳೆಯ ಲಾರಿಯಿಂದ ಬಿಚ್ಚಿದ ಹಿತ್ತಾಳೆಯ ಗುಂಡಿಯೊಂದನ್ನು ಎಂಜಿನ್ನಿಗೆ ಕೂಡಿಸಿದರು. ಅದು ಕಾದರೆ ಸ್ಟೇರಿಂಗ್ ಪಕ್ಕದ ಬಲ್ಬು ಹೊತ್ತಬೇಕು. ಬಲ್ಬಿಗೆ ಕೆಂಪು ಗಾಜು ಸಿಗಲಿಲ್ಲ. ನನ್ನನ್ನು ಕೇಳದೆ ನನ್ನ ಕುಂಕುಮ ಭರಣಿಯ ಕೆಂಪು ಪ್ಲಾಸ್ಟಿಕ್ ಮುಚ್ಚಳವನ್ನು ಅದಕ್ಕೆ ಹಾಕಿದರು.

ಪರೀಕ್ಷೆಗೆ ಡ್ರೈವರ್ ಅಂಗಳದಲ್ಲೇ ಎಂಜಿನ್ ಚಾಲೂ ಮಾಡಿ ಕುಳಿತ, ಮನೆಯವರೆಲ್ಲ ಸುತ್ತ ನಿಂತೆವು. ಅರ್ಧ ಗಂಟೆಯಾದರೂ ಬಲ್ಬು ಹೊತ್ತಲಿಲ್ಲ. ಅಂಗಳಕ್ಕೆ ನುಗ್ಗಿದ ಎಮ್ಮೆಗೆ ಡ್ರೈವರ್ ಹಾರ್ನ್ ಹೊಡೆದ. ಬಲ್ಬು ಝಗ್ಗೆಂದು ಹೊತ್ತಿತು.

"ಏನ್ರಿ ಇದು?" ಎಂದೆ.

ನಮ್ಮವರು ಬಾನೆಟ್ಟಿನಿಂದ ತಲೆ ಎತ್ತದೆ, "ಹಾರ್ನೂ ಎಚ್ಚರಿಕೀನ ಅಲ್ಲೇನು? ಎಮ್ಮಿಗೆ ಕೇಳಿಸ್ತೈತಿ, ನಮಗ ಕಾಣಿಸ್ತೈತಿ" ಎಂದರು.

ದೀಪಕ್ಕೆ ಹೂವು

ಎರಡು ಭಾನುವಾರ ಕಳೆದ ಮೇಲೆ ಅದು ಸರಿಯಾಯಿತು. ಎಂಜಿನ್ ಕಾದರೆ ಹೊತ್ತುತ್ತಿತ್ತು, ತಣ್ಣಗಾದರೆ ಆರುತ್ತಿತ್ತು.

ಕೂಡ್ಲಿಗಿಯಿಂದ ಮುಸ್ಸಂಜೆಗೆ ವಾಪಸು ಬರುವಾಗ ಮೊದಲ ಬಾರಿ ನಿಜವಾಗಿ ಹೊತ್ತಿತು. ಹಿಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆಯವರು ತಟ್ಟನೆ ಸೆರಗು ಹೊದ್ದು ಕೈ ಮುಗಿದರು. "ದೀಪ ಹತ್ತೇತಿ. ಕೈ ಮುಗಿಯವಾ, ಸುಮ್ನ ಯಾಕ ಕುಂತಿ?" ಎಂದು ನನಗೂ ಹೇಳಿದರು.

"ಅತ್ತಿ, ಅದು ದೇವರ ದೀಪ ಅಲ್ರಿ, ಎಂಜಿನ್ನಿಂದು."

"ಯಾವುದಾದ್ರೇನು? ಸಂಜಿಮುಂದ ಹತ್ತಿದ್ದು ದೀಪಾನ."

ಮರುದಿನ ನೋಡಿದರೆ ಮುಚ್ಚಳಕ್ಕೆ ವಿಭೂತಿ, ಅದರ ಮುಂದೆ ದಾಸವಾಳ. ಅಂದು ಹಗರಿಬೊಮ್ಮನಹಳ್ಳಿಗೆ ಹೊರಟಾಗ ಹೂವಿನ ಮರೆಯಲ್ಲಿ ಬಲ್ಬು ಹೊತ್ತಿದ್ದು ಯಾರಿಗೂ ಕಾಣಲಿಲ್ಲ. ಊರು ಮುಟ್ಟುವ ಮೊದಲೇ ರೇಡಿಯೇಟರ್ ಕುದಿದು ಉಕ್ಕಿತು. ಅತ್ತೆಯವರು ಆ ಹಬೆಗೂ ಕೈ ಮುಗಿದರು.

ಇಟ್ಟಿಗಿ ದಾರಿಯ ಬೇವಿನ ಮರ

ಹಡಗಲಿಯಲ್ಲಿ ಒಂದು ನಾಮಕರಣ. ನಾನೂ ಡ್ರೈವರೂ ಇಬ್ಬರೇ ಹೊರಟಿದ್ದೆವು. ಅವನು ಹತ್ತು ವರ್ಷದಿಂದ ನಮ್ಮಲ್ಲಿದ್ದವನು, ನಂಬಿಗಸ್ತ. ಇಟ್ಟಿಗಿ ಇನ್ನೂ ದೂರವಿರುವಾಗ ಬೇವಿನ ಮರದ ಕೆಳಗೆ ನಿಲ್ಲಿಸಿ, ನಿಂತಲ್ಲೇ ಎಂಜಿನ್ನಿಗೆ ರೇಸ್ ಕೊಡತೊಡಗಿದ. ಕಾರು ಗಡಗಡ ನಡುಗಿತು.

"ಯಾಕ ನಿಲ್ಸಿದಿ?"

"ದೀಪ ಆರೇತ್ರಿ ಅಮ್ಮಾರ. ಹೊಂಟಾಗ ದೀಪ ಆರಬಾರದು, ಹತ್ತಿದ ಮ್ಯಾಲೆ ಹೋಗೂನಂತ ದೊಡ್ಡವ್ವಾರು ಹೇಳ್ಯಾರ್ರಿ."

"ಅದಕ್ಕ ರೇಸ್ ಯಾಕ ಕೊಡ್ತಿ?"

"ಕಾಸಿದ್ರ ಲಗೂನ ಹತ್ತತೈತ್ರಿ."

ಅತ್ತೆಯವರ ಮಾತು ಕೇಳಿ ತಿಂಗಳಿನಿಂದ ಅವನು ಹಾಗೇ ಮಾಡುತ್ತಿದ್ದನಂತೆ. ಕಾರು ಚೆನ್ನಾಗಿದ್ದಾಗಲೆಲ್ಲ ಕಾಯಿಸಿ, ಕಾದ ಮೇಲೆ ಸಮಾಧಾನದಿಂದ ಓಡಿಸುತ್ತಿದ್ದ.

ಆ ರಾತ್ರಿಯೇ ನಾನು ದಪ್ಪ ಕಾರ್ಡಿನ ಮೇಲೆ ದುಂಡಗೆ ಬರೆದು ಬಲ್ಬಿನ ಕೆಳಗೆ ಅಂಟಿಸಿದೆ: "ಕೆಂಪು ದೀಪ ಹೊತ್ತಿದರೆ ಹೋಗಬಾರದು. ಆರಿದರೆ ಹೋಗಬಹುದು." ಡ್ರೈವರನಿಂದ ಮೂರು ಸಲ ಗಟ್ಟಿಯಾಗಿ ಓದಿಸಿದೆ. ಮೂರನೆಯ ಸಲ ಅವನು ಓದುವಾಗ ಒಳಗಿನಿಂದ ಅತ್ತೆಯವರು, "ಯಾರ ಮನ್ಯಾಗ ದೀಪ ಆರಬೇಕಂತೋ?" ಎಂದು ಕೂಗಿದರು.

ಎಂಜಿನ್

ಈಗ ಆರೋಪದ ವಿಷಯ.

ತವರಿನಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ. ನಮ್ಮವರು ಹಿಂದಿನ ದಿನವೇ ಬಸ್ಸಿನಲ್ಲಿ ಹರಪನಹಳ್ಳಿಗೆ ಹೋಗಿದ್ದರು. ಬೆಳಿಗ್ಗೆ ನಾನು, ಅತ್ತೆಯವರು ಕಾರು ಹತ್ತಿದೆವು. ಹಿರಿಯ ಮಗಳು ನಾನು. ಬೀಗರು ಬರುವ ಮೊದಲೇ ಅಲ್ಲಿರಬೇಕು. ಡ್ರೈವರ್ ಚಾವಿ ತಿರುಗಿಸಿದ. ಅಂಗಳದಲ್ಲೇ ಕೆಂಪು ದೀಪ ಹೊತ್ತಿತು.

"ನಿಲ್ಸು" ಎಂದೆ.

"ಅಮ್ಮಾರ, ಸಾಹೇಬ್ರು ನಿನ್ನಿ ಹೋಗೋ ಮುಂದ..."

ನಾನು ಕಾರ್ಡಿನ ಮೇಲೆ ಬೆರಳಿಟ್ಟೆ. "ಓದು."

ಓದಿದ.

"ದೀಪ ಆರಿದ ಮ್ಯಾಲೆ ಹೋಗೂನು."

ಅವನು ನನ್ನ ಮುಖ ನೋಡಿದ, ದೀಪ ನೋಡಿದ. "ಹಂಗಾರ ಕಾಸಬೇಕಾಗತೈತ್ರಿ" ಎಂದ. ಇವನ ತಲೆ ಇನ್ನೂ ಸರಿಹೋಗಿಲ್ಲ ಎಂದುಕೊಂಡೆ. ಆದರೆ ಅವನು ರೇಸ್ ಕೊಟ್ಟು ಕೊಟ್ಟು ಕಾಸಿದಾಗ ದೀಪ ನಿಜವಾಗಿಯೂ ಆರಿತು. ನನಗೆ ಗೊಂದಲವಾಯಿತು. ಆದರೂ ಬರೆದದ್ದು ಬರೆದದ್ದೇ. "ನಡಿ" ಎಂದೆ.

"ದೀಪ ಆರೇತಿ, ನಿಲ್ಸೋ!" ಎಂದರು ಅತ್ತೆಯವರು.

"ಆರಿದ್ದಕ್ಕ ಹೊಂಟೇವ್ರಿ ಅತ್ತಿ" ಎಂದೆ ನಾನು.

ಡ್ರೈವರ್ ದಾರಿಯುದ್ದಕ್ಕೂ, "ಇಬ್ಬರೊಳಗ ಯಾರ ಮಾತು ಕೇಳ್ಲಿ?" ಎಂದು ತನಗೆ ತಾನೇ ಕೇಳಿಕೊಳ್ಳುತ್ತಿದ್ದ. ಅರ್ಧ ದಾರಿಯಲ್ಲಿ ಎಂಜಿನ್ ಕಟಕಟ ಅಂದು, ಒಮ್ಮೆ ಗಕ್ಕನೆ ಹಿಡಿದುಕೊಂಡು ನಿಂತೇ ಹೋಯಿತು. ಆ ಹೊಗೆಗೆ ಅತ್ತೆಯವರು ಕೈ ಮುಗಿಯಲಿಲ್ಲ.

ಶೇಂಗಾ ಚೀಲಗಳ ಟ್ರ್ಯಾಕ್ಟರೊಂದು ಬಂತು. ರೇಷ್ಮೆ ಸೀರೆಯಲ್ಲಿ, ಚೀಲಗಳ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ನಾನು ನನ್ನ ತವರಿನ ಬಾಗಿಲಿಗೆ ಬಂದಿಳಿದೆ. ಬೀಗರು ಆಗಲೇ ಚಪ್ಪರದಲ್ಲಿ ಕುಳಿತಿದ್ದರು. ಅಪ್ಪನವರು ಕೆಮ್ಮಲೂ ಇಲ್ಲ.

ನಮ್ಮವರು ಓಡಿ ಬಂದರು. "ದೀಪ ಆರಿತ್ತೇನು?"

"ಆರಿತ್ತು. ಅದಕ್ಕ ಬಂದ್ವಿ."

ಅವರು ಹಣೆ ಹಿಡಿದುಕೊಂಡರು. "ಅವ್ವಗ, ಡ್ರೈವರಗ, ಇಬ್ಬರಿಗೂ ದೀಪ ಹತ್ತಿದ್ರ ಚಲೋ ಅನ್ನಿಸ್ತೈತಿ ಅಂತ ಮೊನ್ನೆ ವೈರು ಅದಲು ಬದಲು ಮಾಡಿದ್ನಲ್ಲ! ಹತ್ತಿದ್ರ ಚಲೋ, ಆರಿದ್ರ ಕಾದೈತಿ ಅಂತ!"

"ನನಗ ಹೇಳಿದ್ರೇನು?"

"ಡ್ರೈವರಗ ಹೇಳಿದ್ದೆ. ಕಾರು ಹೊಡಿಯಾಂವ ಅವನ ಅಲ್ಲೇನು?"

ಅಷ್ಟರಲ್ಲಿ ಅತ್ತೆಯವರು ಸೆರಗಿನ ಶೇಂಗಾ ಸಿಪ್ಪೆ ಕೊಡವುತ್ತಾ ಬೀಗರ ಎದುರೇ ಹೇಳಿದರು: "ನಾ ಬಡಕೊಂಡೆ, ದೀಪ ಆರೇತಿ ನಿಲ್ಲಿಸ್ರಿ ಅಂತ. ಇಕಿ ಕಾನ್ವೆಂಟಿನ್ಯಾಗ ದೀಪ ಆರಿಸಿ ಊರಿಗೆ ಹೊಂಡೂದು ಕಲ್ತು ಬಂದಾಳ."

ಬೀಗರು ನಕ್ಕರು. ನನ್ನ ತಂಗಿಯೂ ನಕ್ಕಳು. ಅಂದಿನಿಂದ ಯಾವ ಚಪ್ಪರದ ಕೆಳಗೆ ಹೋಗಿ ಕುಳಿತರೂ ಯಾರೋ ಒಬ್ಬರು, "ಅಕ್ಕಾರ, ದೀಪ ಆರಿಸ್ಲೇನ್ರಿ?" ಎನ್ನುತ್ತಾರೆ.

ಕಾರ್ಡು ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಒಂದು ತಪ್ಪೂ ಇಲ್ಲ. ಮುಚ್ಚಳ ನನ್ನದು, ಕೇಳದೆ ತೆಗೆದುಕೊಂಡರು. ವೈರು ಅವರದು, ಹೇಳದೆ ಬದಲಿಸಿದರು. ನಮ್ಮವರು ನನ್ನ ಕ್ಷಮೆ ಕೇಳಬೇಕು; ಹರಪನಹಳ್ಳಿಯಲ್ಲಿ, ಅದೇ ಬೀಗರ ಎದುರು.