ಮಣಿಗೊಂದು ಮೆಟ್ಟಿಲಿಲ್ಲದ ಮನೆ

ನಾನು ಸುಮ್ಮನಿದ್ದರೂ ಇಂಥ ಫಜೀತಿಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಕಾರವಾರದಿಂದ ಹಟ್ಟಿಕೇರಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಟೀಚರು, ಈ ಕಡೆಯ ಮಾತಿನಲ್ಲಿ ಅಕ್ಕೋರು, ನಾನು. ಒಂದು ಸಂಜೆ ಹೆದ್ದಾರಿ ಪಕ್ಕ ಬಸ್ಸಿಗೆ ಕಾಯುತ್ತಿದ್ದಾಗ ಕಂದು ಬಣ್ಣದ ಹೆಣ್ಣುನಾಯಿಯೊಂದು ಮೈಲಿಗಲ್ಲಿಗೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಮತ್ತೆ ಅದೇ ಕಲ್ಲಿಗೆ ಡಿಕ್ಕಿ ಹೊಡೆಯಿತು. ಆಮೇಲೆ ಲಾರಿಗಳು ಬರುವ ಕಡೆಗೇ ತಿರುಗಿತು. ನನ್ನ ಬಸ್ಸು ಬಂತು, ಹೋಯಿತು. ನಾನು ನಾಯಿಯ ಕುತ್ತಿಗೆಗೆ ನನ್ನ ವೇಲ್ ಕಟ್ಟಿ ಹಿಡಿದುಕೊಂಡು ನಿಂತೇ ಇದ್ದೆ.

ದನದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಒಂದು ಕಣ್ಣು ಪೂರ್ತಿ ಹೋಗ್ಯದೆ. ಇನ್ನೊಂದರಲ್ಲಿ ಬೆಳಕು, ನೆರಳು ಅಷ್ಟೇ. ಸಾಮಾನು ಅತ್ತಿತ್ತ ಮಾಡದ, ಮೆಟ್ಟಿಲಿಲ್ಲದ ಮನೆ ಸಿಕ್ಕಿದ್ರೆ ಆರಾಮ ಇರ್ತದೆ" ಎಂದರು.

ನನ್ನದು ಮಹಡಿ ಮೇಲಿನ ಬಾಡಿಗೆ ಮನೆ. ಹೊರಗಿನ ಮೆಟ್ಟಿಲಿಗೆ ಒಂದು ಬದಿ ಕಂಬಿಯೇ ಇಲ್ಲ. ಮಣಿ ಎಂದು ಹೆಸರಿಟ್ಟ ವಾರದಲ್ಲೇ ಅವಳು ಅಲ್ಲಿಂದ ಜಾರಿ ಕೆಳಗಿನ ದಾಸವಾಳದ ಗಿಡದ ಮೇಲೆ ಬಿದ್ದಳು. ಗಿಡ ಹೋಯಿತು, ನಾಯಿ ಉಳಿಯಿತು. ಅಂದಿನಿಂದ ಶಾಲೆಯಲ್ಲಿ ಫೋನು ಗುರ್ ಅಂದರೆ ಸಾಕು, ಪಾಠ ಅರ್ಧಕ್ಕೇ ಬಿಟ್ಟು ಹೊರಗೆ ಓಡುತ್ತಿದ್ದೆ. ಬೇಗ ಮನೆ ಹುಡುಕಲೇಬೇಕಿತ್ತು.

ಒಂದೇ ಕಂಡೀಷನ್

ಕೆಳಗಿರುವ ಮನೆಯೊಡತಿ ಒಳ್ಳೆಯವರು; ಇಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ನಾನೂ ಅವರನ್ನು ಬಾಯಿ ಎನ್ನುತ್ತೇನೆ. ಗಿಡ ಹೋದರೂ ಬೈಯದೆ, "ನಾ ನಾಕು ಜನಕ್ಕೆ ಹೇಳಿಡ್ತೆ" ಎಂದರು. ಹೇಳಿದ್ದೇನೋ ನಿಜ. ಹೇಗೆ ಹೇಳಿದರೋ ಗೊತ್ತಿಲ್ಲ.

ಮರುದಿನವೇ ಕೊಡೆ ಹಿಡಿದ ಹಿರಿಯರೊಬ್ಬರು ಬಂದರು. "ಅಕ್ಕೋರೇ, ಕಣ್ಣು ಕಾಣ್ದೋಳು ಒಬ್ಳು ಇದ್ದಾಳಂತೆ? ಮನೆ ಬೇಕಂತೆ?"

ನನಗೆ ಹೋದ ಜೀವ ಬಂದಂತಾಯಿತು. "ಹೌದು. ಮೆಟ್ಟಿಲು ಇರಬಾರದು ನೋಡಿ."

"ನಮ್ಮದು ನೆಲದ ಮೇಲೇ ಅದೆ. ಅವಳಿಗೆ ಯಾರೂ ಇಲ್ವಾ?"

"ಇಲ್ಲ. ರಸ್ತೆ ಮೇಲೆ ಬಿಟ್ಟು ಹೋಗಿದ್ರು."

ಅವರ ಕಣ್ಣು ತುಂಬಿತು. "ಛೇ, ಎಂಥ ಜನ! ಊಟಕ್ಕೆ?"

"ಎರಡು ಹೊತ್ತು ಅನ್ನ, ಮೀನು ಕಲಸಿ ಹಾಕಿದ್ರೆ ಸಾಕು."

'ಹಾಕಿದ್ರೆ' ಎಂಬ ಮಾತಿಗೆ ಅವರು ನನ್ನನ್ನು ಒಂಥರಾ ನೋಡಿದರು. ಆಮೇಲೆ ಕೊಡೆ ಎತ್ತಿಕೊಂಡು, "ನಾಳೆಯೇ ಕರ್ಕಂಡು ಬನ್ನಿ, ಅಡ್ಡಿಲ್ಲ. ಒಂದೇ ಕಂಡೀಷನ್. ನಾಯಿ ಗೀಯಿ ಕಟ್ಕಂಡು ಬರೂ ಹಾಂಗಿಲ್ಲ" ಎಂದರು.

ಕಾವಲು

ಮುಂದಿನ ಸಲ ನಾನೇ ಎಲ್ಲರಿಗೂ 'ನಾಯಿ, ನಾಯಿ' ಎಂದು ಒತ್ತಿ ಹೇಳಿದೆ. ಚಿತ್ತಾಕುಲದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಕಾಯಿ ರಾಶಿ ಕಾಯಲು ನಾಯಿ ಬೇಕೆಂದು ಬೈಕಿನಲ್ಲಿ ಬಂದರು. ಕಣ್ಣಿನ ವಿಷಯ ಮೊದಲೇ ತಿಳಿಸಿದ್ದೆ. "ಕಿವಿ ಚಲೋ ಇದ್ರೆ ಆಯ್ತು" ಎಂದಿದ್ದರು.

ಬೈಕು ಅಂಗಳದಲ್ಲಿ ನಿಂತದ್ದೇ ತಡ, ಮಣಿ ಬೊಗಳಿದ ರಭಸಕ್ಕೆ ಅವರು ಖುಷಿಯಾಗಿಬಿಟ್ಟರು. "ಅಬ್ಬಾ! ಹೀಂಗೇ ಬೇಕು!" ಎಂದು ಇಂಜಿನ್ ನಿಲ್ಲಿಸದೆಯೇ ಕೆಳಗಿಳಿದು ಪಕ್ಕಕ್ಕೆ ಬಂದರು. ಮಣಿ ಬೈಕಿಗೇ ಬೊಗಳುತ್ತಿದ್ದಳು. ಅವರು ಕರೆದರು. ಬಾಲ ಆಡಿಸುತ್ತ ದನಿ ಬಂದ ಕಡೆ ಹೋಗಿ ಅವರ ಕೈ ನೆಕ್ಕಿದಳು. ನೆಕ್ಕಿ ಮುಗಿಸಿ, ತಿರುಗಿ, ಮತ್ತೆ ಬೈಕಿಗೆ ಬೊಗಳಿದಳು.

ಈ ಮನೆಯೂ ತಪ್ಪಿತಲ್ಲ ಎಂದು ನಾನೇ ನಡುವೆ ಮಾತು ಹಾಕಿದೆ. "ಸ್ವಲ್ಪ ದಿನದಲ್ಲಿ ಕಲೀತಾಳೆ..." ಎಂದೆ.

ವ್ಯಾಪಾರಿ ನೆಕ್ಕಿಸಿಕೊಂಡ ಕೈಯನ್ನು ಕರ್ಚೀಫಿಗೆ ಒರೆಸಿಕೊಂಡರು. "ಅಕ್ಕೋರೇ, ಕಳ್ಳರು ಗಾಡಿ ಮೇಲಿಂದ ಕೆಳಗೆ ಇಳಿಯೂದಿಲ್ಲ ಅಂತ ಗ್ಯಾರಂಟಿ ಕೊಡ್ತ್ರಿ ಅಂದ್ರೆ, ಈಗಲೇ ತಗೊಂಡು ಹೋಗ್ತೆ."

ಕಿನ್ನರದ ಅಜ್ಜ

ಕಿನ್ನರದಲ್ಲಿ ನಮ್ಮ ಶಾಲೆಯ ಇನ್ನೊಬ್ಬ ಅಕ್ಕೋರ ತಂಗಿಯ ಮನೆ. ಭಾನುವಾರ ಮಣಿಯನ್ನು ಅಲ್ಲಿ ಬಿಟ್ಟು, ತಿರುತಿರುಗಿ ನೋಡುತ್ತ ಬಂದೆ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಫೋನು. "ಮಣಿ ಕಾಣ್ತಿಲ್ಲ."

ಆ ಮನೆಯ ಹಿಂದೆಯೇ ಕಾಳಿ ಹೊಳೆ. ರಜೆ ಹೇಳಿ ಓಡಿದೆ. ಕೇರಿಗೆ ಕೇರಿಯೇ ದಡದಲ್ಲಿತ್ತು. ನೀರಿನಲ್ಲಿ ಏನು ಕಂದಾಗಿ ತೇಲಿದರೂ ನಾನು ಅತ್ತ ಓಡುತ್ತಿದ್ದೆ. ಒಮ್ಮೆ ತೆಂಗಿನ ಒಣ ಗರಿ, ಒಮ್ಮೆ ಗೋಣಿಚೀಲ. ಕೂಗಿ ಕೂಗಿ ದನಿ ಬಿದ್ದುಹೋಯಿತು. ಕೊನೆಗೆ ಸೋತು ಬಂದು ಜಗಲಿಯಲ್ಲಿ ಕೂತೆ.

ಅಲ್ಲಿ ಮಂಚದ ಮೇಲೆ ಮನೆಯ ಅಜ್ಜ. ಮಾತು ಬಲು ನಿಧಾನ. ಅವರು ಕೈ ಎತ್ತಿ "ಅದೂ..." ಎಂದರು. "ಅಜ್ಜಂಗೆ ಚಾ ಬೇಕಂತೆ" ಎಂದು ಸೊಸೆ, ಆ ಅಕ್ಕೋರ ತಂಗಿ, ಒಳಗಿಂದ ಚಾ ತಂದಳು. ಕುಡಿದು ಮತ್ತೆ "ಅದೂ..." ಎಂದರು. ಮತ್ತೊಂದು ಚಾ ಬಂತು. ಅಜ್ಜ ಲೋಟ ಪಕ್ಕಕ್ಕಿಟ್ಟು, ನನ್ನ ತೋಳು ಹಿಡಿದು ಬಗ್ಗಿಸಿ ಮಂಚದ ಕೆಳಗೆ ತೋರಿಸಿದರು. ಅವರ ಕಂಬಳಿ ಎಳೆದುಕೊಂಡು ಹಾಸಿ ಮಣಿ ಗಾಢ ನಿದ್ದೆಯಲ್ಲಿದ್ದಳು.

ಸೊಸೆ ಅಳುತ್ತಲೇ ನಕ್ಕಳು. "ಅಕ್ಕೋರೇ, ಹೊಳೆ ಪಕ್ಕದ ಮನೆ. ದಿನಾ ಈ ಹೆದರಿಕೆ ನಂಗೆ ತಡೆಯೂದಿಲ್ಲ, ಕರ್ಕಂಡು ಹೋಗಿ" ಎಂದಳು. ನಾನೂ ತಲೆಯಾಡಿಸಿದೆ. "ಅಲ್ಲ ಅಜ್ಜ, ಬೆಳಿಗ್ಗೆಯೇ ಹೇಳಬಾರದಿತ್ತಾ?"

ಅಜ್ಜ ನಿಧಾನಕ್ಕೆ ಹೇಳಿದರು: "ಹೇಳೂಕೆ ಬಾಯಿ ತೆಗೆದ್ರೆ ಚಾ ಹೊಯ್ತ್ರು."

ಅಂಕೋಲೆಯ ಫೋನು

ಕೊನೆಗೂ ಅಂಕೋಲೆಯಲ್ಲಿ ಮನೆ ಸಿಕ್ಕಿತು. ನಿವೃತ್ತ ಬಸ್ ಡ್ರೈವರ್, ಅವರ ಹೆಂಡತಿ, ಸುತ್ತ ಕಂಪೌಂಡು, ಒಂದೂ ಮೆಟ್ಟಿಲಿಲ್ಲ. ಸಾಮಾನು ಅತ್ತಿತ್ತ ಮಾಡಬಾರದು ಎಂದಾಗ ಆ ಬಾಯಿ, "ನಮ್ಮನೇಲಿ ಮದುವೆ ಆದಾಗಿಂದ ಒಂದು ಚಮಚವೂ ಜಾಗ ಬಿಟ್ಟು ಕದಲ್ಲಿಲ್ಲ. ಇವ್ರಿಗೆ ಕಣ್ಣೆದುರು ಇದ್ದದ್ದು ಸಿಗೂದಿಲ್ಲ" ಎಂದರು. ಮಣಿ ಅಲ್ಲಿ ಗೋಡೆಗುಂಟ ನಡೆದು ಬೇಗ ದಾರಿ ಕಲಿತಳು. ನಾನೂ ಸರಿಯಾಗಿ ನಿದ್ದೆ ಮಾಡತೊಡಗಿದೆ.

ಆಮೇಲೊಂದು ದಿನ ಆ ಬಾಯಿಯ ಫೋನು. "ಅಕ್ಕೋರೇ, ಬೇಗ ಬನ್ನಿ, ತಲೆಗೆ ಪೆಟ್ಟಾಗ್ಯದೆ, ರಕ್ತ..." ಲೈನು ಕಟ್ಟಾಯಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. ರಿಕ್ಷಾದಲ್ಲಿ ಕೂತು ದಾರಿಯುದ್ದಕ್ಕೂ ನನ್ನ ಕಂಬಿಯಿಲ್ಲದ ಮೆಟ್ಟಿಲನ್ನೇ ನೆನೆದು ಬೆವೆತೆ. ಇನ್ನು ಅವಳನ್ನು ಎಲ್ಲಿಗೆ ಒಯ್ಯಲಿ?

ಗೇಟು ತೆಗೆದರೆ, ಮಣಿ ನೆಟ್ಟಗೆ ಬಂದು ನನ್ನ ಕೈ ಮೂಸಿದಳು. ಒಂದು ಗೀರೂ ಇಲ್ಲ. ಕುರ್ಚಿಯಲ್ಲಿ ಹಣೆಗೆ ಹತ್ತಿ ಒತ್ತಿಕೊಂಡು ಡ್ರೈವರು ಕೂತಿದ್ದರು. ಬಾಗಿಲಲ್ಲಿ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಮೀನು ಬೇಕಾ ಕೇಳೂಕೆ ಬಂದೆ ಅಕ್ಕೋರೇ" ಎಂದಳು ಅವಳು. "ನೋಡ್ತೆ, ಯಜಮಾನ್ರು ಕಣ್ಣಿಗೆ ಟವೆಲ್ ಕಟ್ಕಂಡು ಅಂಬೆಗಾಲಲ್ಲಿ ಬತ್ತಾ ಇದ್ರು, ಹಿಂದಿಂದ ನಾಯಿ! ಇವ್ರಿಗೆ ತಲೆ ಕೆಟ್ಟು ಮಳ್ಳು ಹಿಡೀತು ಅಂತ ನಾ ಕೂಗ್ದೆ. ಗಡಬಡಿಸಿ ಎದ್ದ್ರು, ಮೇಜಿನ ಮೂಲೆ ಬಡೀತು."

ಡ್ರೈವರು ಗಂಭೀರವಾಗಿ ಹೇಳಿದರು: "ಮಣಿಗೆ ಯಾವ ಮೂಲೆ ತಾಗ್ತದೆ ಅಂತ ನೋಡ್ತಿದ್ದೆ."

"ತಾಗೂದು ನಿಮಗೊಬ್ರಿಗೇ!" ಎಂದರು ಹೆಂಡತಿ. "ಗಾಬರೀಲಿ ಯಾರಿಗೆ ಹೇಳೂದು ತಿಳೀದೆ ಅಕ್ಕೋರಿಗೇ ಫೋನ್ ಮಾಡ್ದೆ."

ನನಗೆ ನಗಲೂ ಧೈರ್ಯವಿರಲಿಲ್ಲ. "ಬಾಯೀ, ಇಷ್ಟು ತೊಂದರೆ ಆಯ್ತು. ಹಾಗಾದ್ರೆ ಮಣಿನ ವಾಪಸ್..."

"ಎಂತಕೆ?" ಬಾಯಿ ಮಣಿಯನ್ನು ತಮ್ಮ ಕಾಲ ಬುಡಕ್ಕೆ ಎಳೆದುಕೊಂಡರು. "ಮಣಿ ಇಲ್ಲೇ ಇರ್ಲಿ. ಇವ್ರಿಗೊಂದು ಚಲೋ ಮನೆ ನೋಡಿ ಅಕ್ಕೋರೇ."